ರಾಬರ್ಟ್ ಕ್ರಂಬ್: ಗೆರೆ ಮೇಲೆ ಗೆರೆ

ಈ ಬೂಟು ನೋಡಿ. ಅಮೆರಿಕದ ಕಾಮಿಕ್ಸ್ ಕಲಾವಿದ ರಾಬರ್ಟ್ ಕ್ರಂಬ್ ಬರೆದ 'ಝ್ಯಾಪ್' ಕಾಮಿಕ್ಸ್ ಪುಸ್ತಕದ 1968ರ ಮೊದಲ ಸಂಚಿಕೆ, 'ಕೀಪ್ ಆನ್ ಟ್ರಕಿನ್' ಪುಟ. ಹಿಂದಕ್ಕೆ ವಾಲಿಕೊಂಡು ನಡೆಯೋ ಈ ಮನುಷ್ಯನ ಬೂಟು ಅವನ ತಲೆಗಿಂತ ದೊಡ್ಡದು. ದುಂಡು ಮೂಗು, ರಬ್ಬರಿನಂಥ ಕಾಲು, ಎಲ್ಲಾ 1920-30ರ ಕಾರ್ಟೂನುಗಳ ಮೈಕಟ್ಟು. ಕ್ಲೀವ್‌ಲ್ಯಾಂಡಿನಲ್ಲಿ ಗ್ರೀಟಿಂಗ್ ಕಾರ್ಡು ಬರೆದು ಪಳಗಿದ ಕೈ. ಆ ಮುದ್ದು ರೂಪದೊಳಗೆ ಕ್ರಂಬ್ ತಮ್ಮ ಕಾಮ, ನಾಚಿಕೆ, ಭಯ ಎಲ್ಲಾ ತುಂಬಿದರು. ಓದುಗರು ಬೆಚ್ಚಿದ್ದು ಅದಕ್ಕೇ.

ಈಗ ನೆರಳಿಗೆ ಬನ್ನಿ. ಗೆರೆ ಮೇಲೆ ಗೆರೆ ನೇಯ್ದ ಕಪ್ಪು ಇದು. ಮುಂಬೈಯಲ್ಲಿ ಇದನ್ನು ಕಲಿಯೋರಿಗೆ ಮೊದಲು ಕೈಕೊಡೋದು ಕಾಗದ. ಮಾಟುಂಗಾ ಆಗಲಿ ಡೊಂಬಿವಲಿ ಆಗಲಿ, ಜುಲೈನಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತೆ, ಇನ್ನು ಚಿತ್ರ ಬರೆಯೋ ಕಾರ್ಟ್ರಿಜ್ ಹಾಳೆ ಯಾವ ಲೆಕ್ಕ? ತೇವ ಕುಡಿದ ನಾರಿನಲ್ಲಿ ಶಾಯಿ ಹರಡುತ್ತೆ. ರಟ್ಟಿನಂಥ ದಪ್ಪದ, ನುಣುಪಾದ ಬ್ರಿಸ್ಟಲ್ ಹಾಳೆ ತಗೊಂಡು, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ.

ಪೆನ್ನು ಕ್ರಂಬ್ ಬಳಸಿದ್ದೇ: ರ್‍ಯಾಪಿಡೋಗ್ರಾಫ್. ಒಂದೇ ದಪ್ಪದ ಗೆರೆ ಎಳೆಯೋ, ಕೊಳವೆ ನಿಬ್ಬಿನ ಪೆನ್ನು ಅದು. 0.35 ಮಿ.ಮೀ. ನಿಬ್ಬು ಸಾಕು. ನೆಟ್ಟಗೆ ಹಿಡೀರಿ, ವಾಲಿಸಿದರೆ ಗೆರೆ ಕಡಿಯುತ್ತೆ. ಕ್ಯಾಪ್ ಹಾಕದೆ ಚಹಾಕ್ಕೆ ಎದ್ದರೆ ಶಾಯಿ ಕಟ್ಟಿಕೊಳ್ಳುತ್ತೆ. ಆಗ ನಿಬ್ಬಿನೊಳಗಿನ ಕೂದಲೆಳೆಯಂಥ ತಂತಿಯನ್ನು ಎಳೆಯೋಕೆ ಹೋಗಬೇಡಿ, ಅದು ಬಾಗಿದರೆ ನಿಬ್ಬು ಹೋಯ್ತು.

ಮೊದಲ ಪದರ ಮೈಯ ತಿರುವಿಗೆ ತಕ್ಕಂತೆ, ತೋಳಿಗೆ ಬಳೆ ತೊಡಿಸಿದ ಹಾಗೆ. ಪೂರ್ತಿ ಒಣಗಲಿ. ಎರಡನೆಯದು ಸುಮಾರು 30 ಡಿಗ್ರಿ ಓರೆ. 90 ಡಿಗ್ರಿ ಎಳೆದರೆ ಕಿಟಕಿ ಜಾಲರಿ ಕಾಣುತ್ತೆ, ಮಾಂಸ ಕಾಣಲ್ಲ. ನಡುವೆ ಗೆರೆಯ ಎರಡು ಪಟ್ಟಾದರೂ ಬಿಳಿ ಉಳಿಸಿ. ಇಲ್ಲದಿದ್ದರೆ ಅಚ್ಚಿಗೆ ಕುಗ್ಗಿಸಿದಾಗ ಎಲ್ಲಾ ಮಸಿಮುದ್ದೆ.

ಮತ್ತೆ 'ಝ್ಯಾಪ್'ಗೆ ಬರೋಣ. ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ಸ್ಟ್ರೀಟಿನಲ್ಲಿ ಮಗುವಿನ ತಳ್ಳುಗಾಡಿಯಲ್ಲಿಟ್ಟು ಮಾರಿದ ಪುಸ್ತಕ ಅದು. ಅದು ತೆರೆದ ದಾರಿ ದೊಡ್ಡದು. ಆಸ್ಪತ್ರೆಯ ಫೈಲ್ ಗುಮಾಸ್ತ ಹಾರ್ವೀ ಪೀಕಾರ್ 1976ರಿಂದ ತನ್ನ ದಿನನಿತ್ಯದ ಬದುಕನ್ನೇ ಕಾಮಿಕ್ಸ್ ಮಾಡಿದಾಗ, ಮೊದಲು ಚಿತ್ರ ಬರೆದವರಲ್ಲಿ ಕ್ರಂಬ್ ಒಬ್ಬರು. ಆದರೆ ಅವರು ಬರೆದ ಕಪ್ಪುಜನರ, ಹೆಂಗಸರ ಚಿತ್ರಗಳು ನೋಯಿಸುತ್ತವೆ. ಗೆರೆ ಚೆನ್ನಾಗಿದೆ ಅಂತ ಆ ನೋವನ್ನು ಮುಚ್ಚಿಡೋದು ತಪ್ಪು.

1991ರಲ್ಲಿ ಕ್ರಂಬ್ ಅಮೆರಿಕ ಬಿಟ್ಟು ದಕ್ಷಿಣ ಫ್ರಾನ್ಸಿನ ಸೋವ್ ಎಂಬ ಹಳ್ಳಿ ಸೇರಿದರು. ಪ್ರಚಾರದ ಗದ್ದಲದಿಂದ ದೂರ ಕೂತು ಬೈಬಲಿನ ಆದಿಕಾಂಡದ 50 ಅಧ್ಯಾಯಗಳನ್ನೂ ಚಿತ್ರದಲ್ಲಿ ಬರೆದರು, 2009ರಲ್ಲಿ ಪುಸ್ತಕ ಬಂತು. ಅದರಲ್ಲಿನ ದೇವರ ಗಡ್ಡ ನೋಡಿ, ಎಳೆ ಎಳೆಯಾಗಿ ಗೆರೆ. ಮುಂದಿನ ಸಲ ಆ ಗಡ್ಡದ ಒಂದು ಚದರ ಇಂಚು ಎಳೆಯೋಣ. ಹಾಳೆ ಅಲ್ಲಿವರೆಗೆ ಕವರಿನಲ್ಲೇ ಇರಲಿ.