ಪದಕದ ಮುಖ ಬಿಡಿ, ಅಂಚು ನೋಡಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಅದೂ ಹಳೇ ಪದಕಗಳ ಬಗ್ಗೆ ಕೇಳೋಕೆ. ಮೊದಲೇ ಹೇಳಿಬಿಡುತ್ತೇನೆ, ನಾನು ಮಿಲ್ಟ್ರಿಯವನಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಮಡಿಕೇರಿಯಲ್ಲಿ ನಿಂತು ಮಿಲ್ಟ್ರಿ ಬಗ್ಗೆ ಮಾತಾಡೋದು ಅಂದರೆ ಕಾವೇರಿಗೆ ನೀರು ಹೊತ್ತ ಹಾಗೆ. ಈ ಹಾಲ್‌ನಲ್ಲೇ ಎಷ್ಟು ಜನ ಸುಬೇದಾರರು, ಕರ್ನಲ್‌ಗಳು ಕೂತಿದ್ದೀರೋ ಗೊತ್ತಿಲ್ಲ. ಕಾರ್ಯಪ್ಪನವರು, ತಿಮ್ಮಯ್ಯನವರ ಬಗ್ಗೆ ಹೇಳೋಕೆ ಬೇರೆಯವರಿದ್ದಾರೆ. ತಿಮ್ಮಯ್ಯನವರ ಸನ್ನಿ ಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ, ಹೋಗಿ ನೋಡಿ. ನಾನು ಹೇಳಬೇಕು ಅಂತಿರೋದು ಮ್ಯೂಸಿಯಂಗೆ ಹೋಗದ ಪದಕಗಳ ಬಗ್ಗೆ. ಬಿಸ್ಕತ್ತಿನ ಡಬ್ಬಿಯಲ್ಲಿ, ಕಾಫಿ ಮಾರಿದ ಚೀಟಿಗಳ ಜೊತೆ, ಗುಂಡಿ ಸೂಜಿಗಳ ನಡುವೆ ಬಿದ್ದಿರುತ್ತವಲ್ಲ, ಅವು.

ನನಗೆ ಈ ಹುಚ್ಚು ಹಿಡಿದಿದ್ದು ಗೋಣಿಕೊಪ್ಪದ ಸಂತೆಯಲ್ಲಿ. ಒಬ್ಬ ಗುಜರಿಯವನ ಚೀಲದಲ್ಲಿ ಹಿತ್ತಾಳೆ ನಲ್ಲಿ, ಮುರಿದ ಬೀಗಗಳ ಜೊತೆ ಒಂದು ದುಂಡನೆಯ ಕಂಚಿನ ಬಿಲ್ಲೆ ಇತ್ತು. ಅದರ ಮೇಲೆ ರೆಕ್ಕೆ ಇರೋ ಹೆಂಗಸಿನ ಚಿತ್ರ. ಇನ್ನೂರು ರೂಪಾಯಿ ಅಂದ, ಕೊಟ್ಟೆ. ಮನೆಗೆ ತಂದು ಒಂದು ತಿಂಗಳು ಟಿವಿ ಮೇಲೆ ಇಟ್ಟಿದ್ದೆ. ಒಂದು ದಿನ ಸುಮ್ನೆ ಬೆರಳಲ್ಲಿ ಉರುಳಿಸುತ್ತಾ ಇದ್ದಾಗ ಅಂಚಿನಲ್ಲಿ ಏನೋ ಒರಟಾಗಿ ತಾಗಿತು. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಪುಟ್ಟ ಪುಟ್ಟ ಇಂಗ್ಲಿಷ್ ಅಕ್ಷರ. ಒಂದು ನಂಬರ್, ಸಿಪಾಯಿ ಅಂತ ಹುದ್ದೆ, ಒಂದು ಹೆಸರು, ಆಮೇಲೆ 88 ಕರ್ನಾಟಿಕ್ ಇನ್‌ಫೆಂಟ್ರಿ. ಅಷ್ಟು ದಿನ ಅದು ಬಿಲ್ಲೆ, ಆ ಕ್ಷಣಕ್ಕೆ ಮನುಷ್ಯ ಆಯಿತು. ಅವನನ್ನು ಇನ್ನೂರು ರೂಪಾಯಿಗೆ ತಂದಿದ್ದೀನಲ್ಲ ಅಂತ ಒಂಥರಾ ಆಯಿತು.

ಮೊದಲ ಮಹಾಯುದ್ಧ ಆದಮೇಲೆ ಸಾಮಾನ್ಯವಾಗಿ ಎರಡು ಪದಕ ಜೋಡಿಯಾಗಿ ಬಂದವು. ಒಂದು ಬೆಳ್ಳಿಯ ವಾರ್ ಮೆಡಲ್, ಅದರಲ್ಲಿ ಐದನೇ ಜಾರ್ಜ್ ರಾಜನ ತಲೆ, ಹಿಂದೆ ಕುದುರೆ ಮೇಲೆ ಕೂತ ಮನುಷ್ಯ. ಇನ್ನೊಂದು ಈ ಕಂಚಿನದು, ವಿಕ್ಟರಿ ಮೆಡಲ್. ಅದರ ರಿಬ್ಬನ್ ಕಾಮನಬಿಲ್ಲಿನ ಬಣ್ಣದ್ದು. ಹಾಗಾದರೆ ಬೆಳ್ಳಿಯದು ಎಲ್ಲಿ? ಅಕ್ಕಸಾಲಿಗರ ಒಲೆಗೆ ಹೋಗಿರುತ್ತೆ ಅಂದುಕೊಂಡೆ. ಎಷ್ಟೋ ಮನೆಯಲ್ಲಿ ಹಾಗೇ ಆಗಿದೆ. ಒಂದು ಔನ್ಸ್ ಒಳ್ಳೆ ಬೆಳ್ಳಿ, ಮಗುವಿಗೆ ಕಾಲ್ಗೆಜ್ಜೆ ಆಗುತ್ತೆ, ಯಾರು ಬಿಡ್ತಾರೆ?

ಆಮೇಲೆ ಎರಡು ವರ್ಷ ಕಳೆದು ಮೂರ್ನಾಡಿನ ಹತ್ತಿರ ಒಂದು ಐನ್‌ಮನೆಗೆ, ಅಂದರೆ ಕೊಡವರ ಮೂಲಮನೆಗೆ, ಕೈಲ್ ಮುಹೂರ್ತದ ಆಯುಧಪೂಜೆಗೆ ಹೋಗಿದ್ದೆ. ಪೂಜೆಗೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಇಟ್ಟಿದ್ದರು, ಮೇಲೆ ತೋಕ್ ಪೂ, ಅಂದರೆ ಕೋವಿ ಹೂವು. ಅವುಗಳ ಪಕ್ಕ ಫಳಫಳ ಅನ್ನೋ ಒಂದು ಬೆಳ್ಳಿ ಪದಕ. ಮನೆಯ ಅಜ್ಜಿ ಹೆಮ್ಮೆಯಿಂದ ಹೇಳಿದರು, ಪ್ರತಿ ವರ್ಷ ಹುಣಸೆಹಣ್ಣು ಬೂದಿ ಹಾಕಿ ನಾನೇ ತಿಕ್ಕೋದು ಅಂತ. ನನಗೆ ಎದೆ ಧಸಕ್ ಅಂತು. ತಿಕ್ಕಿ ತಿಕ್ಕಿ ರಾಜನ ಮೂಗು ಮಟ್ಟಸ ಆಗಿತ್ತು. ಅಂಚಿನಲ್ಲಿ ಹೆಸರಿನ ಕೊನೆಯ ಮೂರು ಅಕ್ಷರ ಮತ್ತು ನಂಬರಿನ ಎರಡು ಅಂಕಿ ಬಿಟ್ಟರೆ ಮಿಕ್ಕಿದ್ದೆಲ್ಲ ನೆರಳು. ಆದರೆ ಆ ಎರಡು ಅಂಕಿ ನನ್ನ ಕಂಚಿನದಕ್ಕೆ ಸರಿಹೊಂದುತ್ತಿತ್ತು, ಅಕ್ಷರಗಳೂ.

ಕೇಳಿದಾಗ ವಿಷಯ ಹೊರಗೆ ಬಂತು. ಆ ಅಜ್ಜಿಯ ಮಾವ ತೀರಿಕೊಂಡಾಗ ಅಣ್ಣತಮ್ಮಂದಿರು ಸಾಮಾನು ಹಂಚಿಕೊಂಡರು. ಬೆಳ್ಳಿ ಅಣ್ಣನಿಗೆ, ಕಂಚು ತಮ್ಮನಿಗೆ. ತಮ್ಮನ ಮಕ್ಕಳು ಮನೆ ಮಾರಿ ಹೋದರು, ಡಬ್ಬಿ ಗುಜರಿಗೆ ಹೋಯಿತು. ತಮಾಷೆ ನೋಡಿ, ಪೂಜೆ ಮಾಡಿಸಿಕೊಂಡ ಪದಕದ ಹೆಸರು ಅಳಿಸಿಹೋಗಿದೆ, ಗುಜರಿಗೆ ಬಿದ್ದದ್ದರ ಹೆಸರು ಹೊಸದರ ಹಾಗೆ ಇದೆ. ಕಂಚನ್ನು ಯಾರೂ ತಿಕ್ಕಿರಲಿಲ್ಲ, ಅದಕ್ಕೆ.

ಈಗ ಹುಡುಕಾಟದ ವಿಷಯ. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ನಂಬರಿನಲ್ಲಿ 3 ಇದ್ದದ್ದನ್ನು 8 ಅಂತ ಓದಿ, ಒಂದು ಕಚೇರಿಗೆ ಬರೆದು, ಒಂದೂವರೆ ವರ್ಷ ಕಾದು, ಇಂಥವರು ನಮ್ಮಲ್ಲಿ ಇಲ್ಲ ಅನ್ನೋ ಉತ್ತರ ತರಿಸಿಕೊಂಡೆ. ಲೆಕ್ಕ ಬರೆದ ಮನುಷ್ಯ ನಾನು, ನೋಡಿ! ಅದಕ್ಕೇ ಈಗ ಅಂಚಿನ ಫೋಟೋ ನಾಲ್ಕು ಕಡೆಯಿಂದ, ಬೆಳಕು ಓರೆಯಾಗಿ ಬೀಳುವ ಹಾಗೆ ತೆಗೆದು, ಇನ್ನೊಬ್ಬರ ಕೈಲೂ ಓದಿಸುತ್ತೇನೆ.

ಹೆಸರಿನದು ನಮ್ಮಲ್ಲಿ ದೊಡ್ಡ ಗೋಳು. ಪೊನ್ನಪ್ಪ, ಮುತ್ತಣ್ಣ, ಬೆಳ್ಳಿಯಪ್ಪ, ಇವು ಊರಿಗೆ ಹತ್ತು ಸಿಗುತ್ತವೆ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮುಂದೆ ಬರುತ್ತೆ, ಆದರೆ ಪಟ್ಟಾಳದ ಗುಮಾಸ್ತ ಅದನ್ನು ಒಂದಕ್ಷರಕ್ಕೆ ಇಳಿಸಿಬಿಡುತ್ತಿದ್ದ, ಕೆಲವು ಸಲ ಅದೂ ಇಲ್ಲ. ಅದರ ಮೇಲೆ ಅವನ ಕಿವಿಗೆ ಬಿದ್ದ ಹಾಗೆ ಇಂಗ್ಲಿಷ್ ಕಾಗುಣಿತ. ಹಾಗಾಗಿ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತೆ, ನಂಬರು ಮತ್ತು ರೆಜಿಮೆಂಟ್ ಹಿಡಿದು ಹೋಗಬೇಕು. ಮನೆಯಲ್ಲಿ ಡಿಸ್ಚಾರ್ಜ್ ಸರ್ಟಿಫಿಕೇಟ್ ಇದ್ದರೆ ಅದು ಬಂಗಾರ. ಊರು, ಅಪ್ಪನ ಹೆಸರು, ಮೈಮೇಲಿನ ಮಚ್ಚೆ ಎಲ್ಲ ಅದರಲ್ಲಿ ಇರುತ್ತೆ. ಗೋಡೆಯ ಮೇಲಿನ ಫೋಟೋದಲ್ಲಿ ಟೋಪಿಯ ಬ್ಯಾಡ್ಜ್ ನೋಡಿ, ರೆಜಿಮೆಂಟ್ ಅಲ್ಲೇ ಸಿಕ್ಕಿಬಿಡಬಹುದು. ಇನ್ನು, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿ ಯಾರು ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು. ಆದರೆ ಅದರಲ್ಲಿ ಇರೋದು ಸತ್ತವರು ಮಾತ್ರ. ನಮ್ಮ ಅಜ್ಜನ ಹೆಸರೇ ಇಲ್ಲ ಅಂತ ಒಬ್ಬರು ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ನಾನು ಹೇಳಿದೆ, ಸಾರ್, ಖುಷಿಪಡಿ, ಅವರು ವಾಪಸ್ ಬಂದಿದ್ದಕ್ಕೇ ನೀವು ಇಲ್ಲಿ ನಿಂತಿದ್ದೀರಿ.

ಎರಡನೇ ಯುದ್ಧದ ನಕ್ಷತ್ರಗಳ ಕಥೆ ಬೇರೆ. ಆರು ಮೂಲೆಯ ಹಳದಿ ಲೋಹದ ಸ್ಟಾರ್‌ಗಳು. ನಾನು ಇಲ್ಲಿಯ ಮನೆಗಳಲ್ಲಿ ನೋಡಿದ ಹೆಚ್ಚಿನವುಗಳಲ್ಲಿ ಹೆಸರೇ ಇಲ್ಲ. ಅಲ್ಲಿ ರಿಬ್ಬನ್ನೇ ಮಾತಾಡಬೇಕು. ಮರಳಿನ ಬಣ್ಣದ ರಿಬ್ಬನ್ ಇದ್ದರೆ ಆಫ್ರಿಕಾ ಸ್ಟಾರ್. ಕಡುನೀಲಿ, ನಡುವೆ ಅಗಲದ ಕೆಂಪು ಪಟ್ಟಿ, ಎರಡೂ ಬದಿ ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್. ಎರಡೂ ಒಬ್ಬನ ಎದೆಯ ಮೇಲೆ ಇದ್ದರೆ ನಾನು ಮೊದಲು ನೆನೆಸಿಕೊಳ್ಳೋದು 5ನೇ ಇಂಡಿಯನ್ ಡಿವಿಷನ್ನು. ಎರಿಟ್ರಿಯಾದಿಂದ ಶುರುವಾಗಿ ಮರುಭೂಮಿ ದಾಟಿ ಅರಾಕಾನ್, ಇಂಫಾಲ್‌ವರೆಗೆ ಹೋದ ಡಿವಿಷನ್ ಅದು. ಗ್ಯಾರಂಟಿ ಅಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅಂತ ಗೊತ್ತಾಗುತ್ತೆ. ಒಂದೇ ಕಷ್ಟ, ನಮ್ಮ ಮಳೆಗಾಲದಲ್ಲಿ ಮೊದಲು ಹಾಳಾಗೋದು ರಿಬ್ಬನ್. ಬೂಷ್ಟು ಹಿಡಿದರೆ ಬಣ್ಣ ಗೊತ್ತಾಗಲ್ಲ. ಹಳೇದು ಹಾಳಾಯಿತು ಅಂತ ಯಾವುದೋ ಬಣ್ಣದ ಟೇಪು ಹೊಲಿದು ಹಾಕಿದ್ದೂ ನೋಡಿದ್ದೇನೆ. ದಯವಿಟ್ಟು ಎಳೆ ಎಳೆ ಆದರೂ ಹಳೇ ರಿಬ್ಬನ್ ಬಿಸಾಡಬೇಡಿ.

ಸ್ವಾತಂತ್ರ್ಯ ಬಂದಮೇಲಿನವು ಸ್ವಲ್ಪ ಸುಲಭ. 1965ಕ್ಕೆ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಹೆಸರಲ್ಲೇ ದಿಕ್ಕಿದೆ.

ಹುಡುಕಾಟ ಬರೀ ಹವ್ಯಾಸ ಅನ್ನುವವರಿಗೆ ನಾನು ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ಹೇಳುತ್ತೇನೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿ. ಅವರು ಹೋಗಬೇಕಾದವರ ಪಟ್ಟಿಯಲ್ಲಿ ಇರಲಿಲ್ಲ, ಕಾಯ್ದಿರಿಸಿದ ಪೈಲಟ್. ಹಾರಿದರು, ಮಿಸ್ಟಿಯರ್ ವಿಮಾನ ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ವರ್ಷಗಳು ಕಳೆದ ಮೇಲೆ, ಆ ಕಡೆಯವರ ಮಾಹಿತಿಯಿಂದ ಬರೆದ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಅವತ್ತು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಮಿಸ್ಟಿಯರ್ ಹೊಡೆದುರುಳಿಸಿದ ವಿಷಯ ಬಂತು. ಶಬ್ದದ ಎರಡು ಪಟ್ಟು ವೇಗದ ವಿಮಾನವನ್ನು ಈ ಹಳೇ ವಿಮಾನ! ನಮ್ಮವರು ದಾಖಲೆ ತಾಳೆ ಹಾಕಿ ನೋಡಿದರೆ ಅದು ದೇವಯ್ಯನವರೇ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದಮೇಲೆ.

ಇನ್ನೊಂದು ಪದಕ ಇದೆ, ಅದರ ಬಗ್ಗೆ ಮಾತಾಡೋಕೆ ಸ್ವಲ್ಪ ಮುಜುಗರ. 1837ರಲ್ಲಿ ಕಂಪನಿ ಸರ್ಕಾರ ಚಿನ್ನ, ಬೆಳ್ಳಿಯಲ್ಲಿ ಕೊಡಗಿನ ಪದಕ ಅಂತಲೇ ಮಾಡಿಸಿತು. ಅದರ ಮೇಲೆ ಕೋವಿ ಹಿಡಿದ ಕೊಡಗಿನ ಯೋಧ ಇದ್ದಾನೆ, ಕನ್ನಡ ಅಕ್ಷರಗಳಿವೆ. ಕನ್ನಡ ಬರೆದ ಅಷ್ಟು ಹಳೇ ಸೇನಾ ಪದಕ ಅಂದರೆ ಸಂಗ್ರಹಕಾರರಿಗೆ ಬಾಯಲ್ಲಿ ನೀರು. ಆದರೆ ಅದನ್ನು ಕೊಟ್ಟಿದ್ದು ಯಾತಕ್ಕೆ? ಕಂಪನಿ ವಿರುದ್ಧ ಎದ್ದ ಅಮರ ಸುಳ್ಯದ ದಂಗೆ ಅಡಗಿಸಲು ಕಂಪನಿ ಜೊತೆ ನಿಂತಿದ್ದಕ್ಕೆ. ಅದೇ ವರ್ಷ ಅಕ್ಟೋಬರ್ 31ಕ್ಕೆ ದಂಗೆಯ ಮುಖಂಡ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಇದೇ ಮಡಿಕೇರಿಯಲ್ಲಿ. ಪದಕ ಪಡೆದವರ ಮೊಮ್ಮಕ್ಕಳ ಮೊಮ್ಮಕ್ಕಳೂ, ದಂಗೆ ಎದ್ದವರ ಕಡೆಯವರೂ ಇವತ್ತು ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುತ್ತೇವೆ. ಅದನ್ನು ಬಚ್ಚಿಡಬೇಕು ಅಂತ ನನಗನಿಸಲ್ಲ. ಜೊತೆಗೆ ಗಲ್ಲಿನ ತಾರೀಖನ್ನೂ ಬರೆದಿಟ್ಟರೆ ಸಾಕು.

ಮಾರೋದು ಕೊಳ್ಳೋದರ ಬಗ್ಗೆ ಕೇಳ್ತೀರಿ ಅಂತ ಗೊತ್ತು. ನಾನೂ ಕೊಂಡವನೇ, ಉಪದೇಶ ಮಾಡಲ್ಲ. ಹೆಸರು ಓದೋಕೆ ಬಂದರೆ ಮೊದಲು ಮನೆ ಹುಡುಕುತ್ತೇನೆ, ಸಿಗದಿದ್ದರೆ ಇಟ್ಟುಕೊಳ್ಳುತ್ತೇನೆ. ಆ ಕಂಚಿನದನ್ನು ಅಜ್ಜಿಯ ಕೈಗೆ ಕೊಟ್ಟಾಗ ಅವರು ಮೊದಲು ಕೇಳಿದ್ದೇ, ಇದಕ್ಕೂ ಹುಣಸೆಹಣ್ಣು ಹಾಕಬಹುದಾ ಅಂತ. ಬೇಡಮ್ಮ, ಬರೀ ಒಣ ಬಟ್ಟೆ ಸಾಕು ಅಂದೆ. ಒಪ್ಪಿದರು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಟೀ ಬಂದಿದೆ ಅಂತ ಕಾಣುತ್ತೆ. ಭೂತಗನ್ನಡಿ, ಟಾರ್ಚ್ ಎರಡೂ ತಂದಿದ್ದೇನೆ. ಬ್ಯಾಗಿನಲ್ಲಿ ಏನಾದರೂ ತಂದವರು ಈ ಮೇಜಿನ ಹತ್ತಿರ ಬನ್ನಿ, ತಿಕ್ಕದೆ ತನ್ನಿ ಅಂತ ಫೋನಿನಲ್ಲಿ ಹೇಳಿದ್ದೆ, ನೋಡೋಣ ಎಷ್ಟು ಜನ ಕೇಳಿದ್ದೀರಿ.