ಫ್ಲ್ಯಾಟ್‌ಹೆಡ್ ಫೋರ್ಡಿಗೆ ಮೊದ್ಲು ತಂಪು, ಆಮೇಲೆ ಪವರ್ರು

ನಮಸ್ಕಾರ ಎಲ್ರಿಗೂ. ಇವತ್ತು ನಾನು ಮಾತಾಡೋಕೆ ಬಂದಿರೋದು ಒಂದೇ ಒಂದು ಇಂಜಿನ್ ಬಗ್ಗೆ, ಫೋರ್ಡ್‌ನೋರ ಹಳೇ ಫ್ಲ್ಯಾಟ್‌ಹೆಡ್ ವಿ8, ಅಂದ್ರೆ ಎರಡು ಸಾಲಲ್ಲಿ V ಆಕಾರಕ್ಕೆ ಎಂಟು ಸಿಲಿಂಡರ್ ಇರೋ ಇಂಜಿನ್. ನಾನಿರೋದು ಮಿಷಿಗನ್ನಲ್ಲಿ, ಈ ಇಂಜಿನ್ನಿನ ತವರೂರು ಡಿಯರ್‌ಬಾರ್ನ್ ನಮ್ಮನೆಯಿಂದ ಅರ್ಧ ಗಂಟೆ ದಾರಿ. ನನ್ ಹತ್ರ 1946ರ ಫೋರ್ಡ್ ಒಂದಿದೆ, ನಾಲ್ಕು ವರ್ಷದಿಂದ ಪಕ್ಕದ ಬೀದಿಯ ಹಿರಿಯರೊಬ್ರ ಜೊತೆ ಸೇರ್ಕೊಂಡು ಅದನ್ನ ಸರಿ ಮಾಡ್ತಾ ಬಂದಿದೀನಿ. ಅವರಿಗೆ ನಮ್ಮ ತಂದೆ ವಯಸ್ಸು, ಹದಿನಾರು ವರ್ಷದ ಹುಡುಗ ಆಗಿದ್ದಾಗಿಂದ ಈ ಇಂಜಿನ್ ಬಿಚ್ಚಿ ಜೋಡಿಸಿರೋರು.

ಇಂಜಿನ್ ಕೆಳಗಿಳಿಸಿದ ದಿನ ನಾನು ಕಾರ್ಬುರೇಟರ್ ಎರಡು ಹಾಕೋಣ್ವಾ, ಅಲ್ಯೂಮಿನಿಯಂ ಹೆಡ್ ಹಾಕೋಣ್ವಾ ಅಂತ ಕೇಳ್ತಾನೇ ಇದ್ದೆ, ಅವರು ಏನೂ ಮಾತಾಡದೆ ಒಂದು ಉದ್ದ ತಂತಿ ತಗೊಂಡು ಬ್ಲಾಕಿನ, ಅಂದ್ರೆ ಸಿಲಿಂಡರುಗಳಿರೋ ಇಂಜಿನ್ನಿನ ದೊಡ್ಡ ಎರಕದ ಮೈಯ, ನೀರಿನ ತೂತೊಳಗೆ ಹಾಕಿ ಕೆದಕಿದ್ರು. ತುಕ್ಕಿನ ಪುಡಿ, ಕೆಸರು, ಅದರ ಜೊತೆ ಮರಳು. 1946ರಲ್ಲಿ ಎರಕ ಹೊಯ್ಯುವಾಗ ಅಚ್ಚಿಗೆ ಹಾಕಿದ ಮರಳು, ಇಷ್ಟು ವರ್ಷ ಒಳಗೇ ಕೂತಿತ್ತು. ನಾಲ್ಕು ದಿನ ಕೆದಕಿ ತೊಳೆದು ತೆಗೆದಿದ್ದು ಅರ್ಧ ಬಕೆಟ್ ಆಯ್ತು.

ಅದು ಯಾಕೆ ಅಷ್ಟು ಮುಖ್ಯ ಅಂತ ಹೇಳ್ತೀನಿ. 1932ರಲ್ಲಿ ಹೆನ್ರಿ ಫೋರ್ಡ್ ಈ ಇಂಜಿನ್ ತಂದಾಗ ವಿ8 ಅನ್ನೋದು ದುಡ್ಡಿರೋರ ಕಾರಿನ ಇಂಜಿನ್, ಬ್ಲಾಕನ್ನ ಹಲವು ತುಂಡಾಗಿ ಮಾಡಿ ಬೋಲ್ಟ್ ಹಾಕಿ ಕೂರಿಸೋದು ಆಗಿನ ರೂಢಿ. ಫೋರ್ಡ್ ಹಟ ಹಿಡಿದು ಎಂಟೂ ಸಿಲಿಂಡರು, ಅದರ ಕೆಳಗೆ ಕ್ರ್ಯಾಂಕ್ ತಿರುಗೋ ಕ್ರ್ಯಾಂಕ್‌ಕೇಸು ಎಲ್ಲಾ ಒಂದೇ ಎರಕದಲ್ಲಿ ತೆಗೆಸಿದ್ರು, ಶುರುನಲ್ಲಿ ಎಷ್ಟೋ ಬ್ಲಾಕು ಕೆಟ್ಟು ಎಸೀಬೇಕಾಯ್ತು, ಆದ್ರೂ ಬಿಡಲಿಲ್ಲ. ಹಾಗಾಗೇ ಸಾಮಾನ್ಯ ಜನಕ್ಕೂ 65 ಹಾರ್ಸ್‌ಪವರ್‌ನ ವಿ8 ಕಾರು ಸಿಕ್ತು. ಅದು ನಿಜವಾಗ್ಲೂ ದೊಡ್ಡ ಕೆಲಸ, ಆ ಎರಕದವರಿಗೆ ನಾನು ಇವತ್ತಿಗೂ ಕೈ ಮುಗೀತೀನಿ.

ಆದ್ರೆ ಒಂದು ತೊಂದರೆ ಹುಟ್ಟಿನಿಂದ್ಲೇ ಬಂತು. ಇದರ ವಾಲ್ವುಗಳು ಹೆಡ್ಡಲ್ಲಿಲ್ಲ, ಬ್ಲಾಕ್ ಒಳಗಿವೆ, ಎರಡು ಸಾಲು ಸಿಲಿಂಡರಿನ ನಡುವಿನ ಕಣಿವೆ ಕಡೆಗೆ. ಹೆಡ್ ಅಂದ್ರೆ ಬರೀ ಚಪ್ಪಟೆ ಮುಚ್ಚಳ, ಅದಕ್ಕೇ ಫ್ಲ್ಯಾಟ್‌ಹೆಡ್. ಸುಟ್ಟ ಹೊಗೆ ಆ ಕಣಿವೆಯಿಂದ ಹೊರಟು ಬ್ಲಾಕನ್ನೇ ಅಡ್ಡ ದಾಟಿ ಹೊರಗಿನ ಪಕ್ಕಕ್ಕೆ ಬರಬೇಕು, ಸಿಲಿಂಡರ್‌ಗಳ ಸಂದಿಯಲ್ಲಿ, ನೀರಿನ ಮಧ್ಯೆ. ನಮ್ಮ ಹಳೇ ಬಚ್ಚಲುಮನೆಯ ತಾಮ್ರದ ಬಾಯ್ಲರ್ ನೆನಪಿದ್ಯಾ, ನಡುವೆ ಬೆಂಕಿ ಕೊಳವೆ, ಸುತ್ತ ನೀರು? ಥೇಟ್ ಅದೇ. ಅದ್ರಲ್ಲೂ ಪ್ರತಿ ಪಕ್ಕದ ನಡುವಿನ ಎರಡು ಸಿಲಿಂಡರಿಗೆ ಸೇರಿ ಒಂದೇ ದಾರಿ, ಅಲ್ಲಿ ಕಾವು ಜಾಸ್ತಿ. ಬಾಯ್ಲರ್‌ನಲ್ಲಿ ನೀರು ಕಾಯಬೇಕು ಅಂತ್ಲೇ ಹಾಗೆ ಮಾಡಿರ್ತಾರೆ, ಇಲ್ಲಿ ಅದೇ ಕಾವನ್ನ ರೇಡಿಯೇಟರ್ ಹೊರಗೆ ಹಾಕಬೇಕು. ನೀರಿನ ದಾರಿಯಲ್ಲಿ ಮರಳು ಕೂತಿದ್ರೆ ಆ ಜಾಗ ಸುಟ್ಟು, ವಾಲ್ವ್ ಕೂರೋ ಸೀಟಿಂದ ಸಿಲಿಂಡರಿನವರೆಗೂ ಕ್ರ್ಯಾಕ್ ಬಿಡುತ್ತೆ.

ಅದಕ್ಕೇ ಹಳೇ ಫ್ಲ್ಯಾಟ್‌ಹೆಡ್ ತಗೊಂಡೋರಿಗೆಲ್ಲ ನಾನು ಹೇಳೋದು, ಬೇರೆ ಏನಕ್ಕೂ ದುಡ್ಡು ಹಾಕೋ ಮುಂಚೆ ಬರೀ ಬ್ಲಾಕನ್ನ ತೊಳೆಸಿ, ಮ್ಯಾಗ್ನೆಟ್ ಹಿಡಿದು ಕಬ್ಬಿಣದ ಪುಡಿ ಉದುರಿಸಿ ಬಿರುಕು ನೋಡೋ ಟೆಸ್ಟ್ ಮಾಡಿಸಿ, ಪ್ರೆಶರ್ ಹಾಕಿ ಸೋರುತ್ತಾ ನೋಡಿಸಿ. ನಮ್ಮ ಬ್ಲಾಕಲ್ಲಿ ಒಂದು ಸಣ್ಣ ಕ್ರ್ಯಾಕ್ ಸಿಕ್ತು, ಮಷೀನ್ ಶಾಪಿನೋರು ಅದಕ್ಕೆ ಪಿನ್ ಹೊಡೆದು ಮುಚ್ಚಿಕೊಟ್ರು. ಬೋರ್, ಅಂದ್ರೆ ಸಿಲಿಂಡರಿನ ಒಳ ಅಗಲ, 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಮಾತ್ರ ಹೆಚ್ಚಿಸಿದ್ವಿ, ಸಿಲಿಂಡರ್ ಗೋಡೆ ದಪ್ಪ ಉಳಿದಷ್ಟೂ ತಂಪಿಗೆ ಒಳ್ಳೇದು.

ಮಿಕ್ಕ ಮೇಂಟೆನೆನ್ಸಲ್ಲಿ ಗಮನ ಕೊಡಬೇಕಾದ್ದು ಏನಂದ್ರೆ, ಇದಕ್ಕೆ ವಾಟರ್ ಪಂಪು ಎರಡು, ಥರ್ಮೋಸ್ಟಾಟೂ ಎರಡು, ಹೆಡ್ಡಿಂದ ಹೊರಡೋ ಮೇಲಿನ ಎರಡು ಹೋಸಲ್ಲಿ ಒಂದೊಂದು, ಒಂದು ಹೊಸದು ಒಂದು ಹಳೇದು ಹಾಕ್ಬೇಡಿ, ಎರಡು ಪಕ್ಕವೂ ಒಂದೇ ಥರ ತಣಿಯಲ್ಲ. ಹೆಡ್ ಹಿಡಿದಿಡೋ ಸ್ಟಡ್‌ಗಳು ಪಕ್ಕಕ್ಕೆ 24, ಅವು ಸಿಲಿಂಡರ್ ಸುತ್ತ ನೀರು ಹರಿಯೋ ಜಾಕೆಟ್ಟೊಳಗೇ ಇಳಿಯುತ್ವೆ, ಥ್ರೆಡ್ಡಿಗೆ ಸೀಲರ್ ಹಚ್ಚದಿದ್ರೆ ನೀರು ಜಿನುಗುತ್ತೆ. ವಾಲ್ವನ್ನ ಕೆಳಗಿಂದ ಎತ್ತೋ ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಸ್ಕ್ರೂನೇ ಇಲ್ಲ! ಎರಡರ ನಡುವೆ ಗ್ಯಾಪ್ ಕಮ್ಮಿ ಇದ್ರೆ ವಾಲ್ವಿನ ಕಾಲಿನ ತುದಿಯನ್ನ ಸವೆಸಬೇಕು, ಸ್ವಲ್ಪ ಸವೆಸು, ಕೂರಿಸು, ಗ್ಯಾಪ್ ಅಳೆಯೋ ಫೀಲರ್ ಗೇಜ್ ಹಾಕಿ ನೋಡು, ಮತ್ತೆ ತೆಗಿ, ಹದಿನಾರು ವಾಲ್ವಿಗೂ ಹೀಗೇ. ನಾವು ಅಡ್ಜಸ್ಟ್ ಆಗೋ ಟ್ಯಾಪೆಟ್ ಹಾಕಿಬಿಟ್ವಿ, ನನ್ನ ಪ್ರಕಾರ ಈ ಇಂಜಿನ್ನಿಗೆ ಮಾಡಬಹುದಾದ ಅಪ್‌ಗ್ರೇಡಲ್ಲಿ ಅತ್ಯಂತ ಉಪಯೋಗದ್ದು ಇದೇ. ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್, ನಮ್ಮೂರ ಮೆಕ್ಯಾನಿಕ್‌ಗಳು ಡೆಲ್ಕೋ ಅಂತಾರಲ್ಲ, ಅದು ವಾಲ್ವ್ ಆಡಿಸೋ ಕ್ಯಾಮ್‌ಶಾಫ್ಟಿನ ಮೂತಿಗೇ ಕೂತಿರುತ್ತೆ, ಮುಂದೆ ಕೆಳಗೆ, ಕೈ ಹೋಗಲ್ಲ, ಪೂರ್ತಿ ಬಿಚ್ಚಿ ಟೇಬಲ್ ಮೇಲಿಟ್ಟು ಪಾಯಿಂಟ್ ಸೆಟ್ ಮಾಡಿ ವಾಪಸ್ ಹಾಕೋದೇ ಸುಲಭ. ಇನ್ನು ಬ್ಯಾಟರಿ 6 ವೋಲ್ಟು, ಕಾರಿನ ಲೋಹದ ಮೈಗೆ ಜೋಡಿಸಿರೋದು ಪಾಸಿಟಿವ್ ತುದಿ, ಈಗಿನ ಕಾರಿಗೆ ಉಲ್ಟಾ, ಇದನ್ನ ಮರೆತು ವೈರ್ ಮುಟ್ಟಬೇಡಿ.

ಪವರ್ ಬೇಕು ಅನ್ನೋ ಆಸೆ ತಪ್ಪಲ್ಲ, ಈ ಇಂಜಿನ್ ಜನಕ್ಕೆ ಇಷ್ಟ ಆಗಿದ್ದೇ ಅದಕ್ಕೆ. ಕ್ಯಾಲಿಫೋರ್ನಿಯಾದ ಒಣಗಿದ ಕೆರೆ ಅಂಗಳದಲ್ಲಿ ಹುಡುಗರು ಇದನ್ನೇ ಬದಲಾಯಿಸಿ ರೇಸ್ ಓಡಿಸ್ತಿದ್ರು, ವಿಕ್ ಎಡೆಲ್‌ಬ್ರಾಕ್ 1938ರಲ್ಲಿ ತಮ್ಮ 1932ರ ಫೋರ್ಡಿಗೆ ಎರಡು ಕಾರ್ಬುರೇಟರ್ ಕೂರೋ ಮ್ಯಾನಿಫೋಲ್ಡ್, ಅಂದ್ರೆ ಸಿಲಿಂಡರುಗಳಿಗೆ ಪೆಟ್ರೋಲು-ಗಾಳಿ ಹಂಚೋ ಕೊಳವೆ, ಮಾಡಿಕೊಂಡ್ರು, ಅದೇ ಮುಂದೆ ದೊಡ್ಡ ಕಂಪನಿ ಆಯ್ತು. ಆದ್ರೆ ನಂಗೆ ಮನಸ್ಸಿಗೆ ಹತ್ರ ಆದ ಕಥೆ ಝೋರಾ ಆರ್ಕಸ್ ಡುಂಟೋವ್ ಅವರದ್ದು. ಆಮೇಲೆ ಷೆವ್ರೊಲೆಯವರ ಕಾರ್ವೆಟ್ ಸ್ಪೋರ್ಟ್ಸ್ ಕಾರಿಂದ ಹೆಸರಾದ್ರಲ್ಲ, ಅವರೇ. ಭಾರ ಎಳೆಯೋ ಫೋರ್ಡ್ ಟ್ರಕ್ಕುಗಳು ಕುದೀತಿದ್ವು ಅಂತ ವಾಲ್ವುಗಳನ್ನ ಬ್ಲಾಕಿಂದ ಎತ್ತಿ ಮೇಲೆ ಕೂರಿಸೋ ಆರ್ಡನ್ ಹೆಡ್ 1947ರ ಹೊತ್ತಿಗೆ ಮಾಡಿದ್ರು, ಹೊಗೆ ಬ್ಲಾಕ್ ದಾಟೋದೇ ತಪ್ಪಿತು. ಪವರ್ರೂ ಎಷ್ಟೋ ಜಾಸ್ತಿ ಆಯ್ತು, ರೇಸಿನೋರು ಮುಗಿಬಿದ್ರು, ಆದ್ರೆ ಡುಂಟೋವ್ ಹೊರಟಿದ್ದು ಕಾವಿನ ಬೆನ್ನು ಹತ್ತಿ.

ನಮ್ಮ ಇಂಜಿನ್ನಿನ ಪರೀಕ್ಷೆ ಆಗಿದ್ದು ಹೋದ ಆಗಸ್ಟಲ್ಲಿ. ಡೆಟ್ರಾಯ್ಟ್ ಪಕ್ಕದ ಊರುಗಳ ವುಡ್‌ವರ್ಡ್ ಅವೆನ್ಯೂನಲ್ಲಿ 1995ರಿಂದ ಹಳೇ ಕಾರುಗಳ ಮೆರವಣಿಗೆ ಥರ ನಡೆಯುತ್ತೆ, ಡ್ರೀಮ್ ಕ್ರೂಸ್ ಅಂತ, ಬಿಸಿಲು ಬೇರೆ, ಗಾಡಿ ಅಂಗುಲ ಅಂಗುಲ ಮುಂದೆ ಹೋಗ್ತಿತ್ತು. ಹಿರಿಯರು ಪಕ್ಕದಲ್ಲಿ ಕೂತು ರಸ್ತೆ ನೋಡ್ಲೇ ಇಲ್ಲ, ಟೆಂಪರೇಚರ್ ಮೀಟರನ್ನೇ ನೋಡ್ತಿದ್ರು. ಒಂದೂವರೆ ಗಂಟೆ ಆದ್ರೂ ಮುಳ್ಳು ನಡುವಿನ ಗೆರೆ ದಾಟಲಿಲ್ಲ. ಮನೆಗೆ ಬಂದು ಬಾನೆಟ್ ಎತ್ತಿ, ಎರಡೂ ಹೆಡ್ಡಿನ ಮೇಲೆ ಹತ್ರ ಹತ್ರ ಕೈ ಹಿಡಿದು ನೋಡಿ, ಎರಡು ಪಕ್ಕವೂ ಒಂದೇ ಕಾವು ಅಂದ್ರು, ಆಮೇಲೆ ಅವರ ಗ್ಯಾರೇಜಿಗೆ ಕರ್ಕೊಂಡು ಹೋಗಿ ಗೋಣಿ ಬಿಚ್ಚಿ ತೋರಿಸಿದ್ದು ಫೋರ್ಡ್‌ನೋರದ್ದೇ ಮರ್ಕ್ಯುರಿ ಕಾರಿನ ಒಂದು ಕ್ರ್ಯಾಂಕ್, ನಮ್ಮದು ಮೂರು ಮುಕ್ಕಾಲು ಇಂಚು ಸ್ಟ್ರೋಕು, ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ, ಅದು 4 ಇಂಚು. ಪಿಸ್ಟನ್ನೂ ಕನೆಕ್ಟಿಂಗ್ ರಾಡೂ ಅದಕ್ಕೆ ಹೊಂದೋವು ಬೇಕು, ಹುಡುಕ್ತಾ ಇದೀವಿ, ಈ ಚಳಿಗಾಲದಲ್ಲಿ ಹಾಕ್ತೀವಿ.