ಅಳಿವೆಯಿಂದ ಅಳಿವೆಗೆ

ಕೇಳುಗರಿಗೆ ನಮಸ್ಕಾರ.

ಮನೆಯ ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಹೊಸ ವಸ್ತುವೇನಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಮೊದಲು ಹೊರತಂದದ್ದು 1982ರಲ್ಲಿ. ಆಗ ಪರದೆಯ ಮೇಲೆ ಒಂದಿಷ್ಟು ಗೆರೆಗಳು, ಷಿಕಾಗೋ ನಗರದ ಸರೋವರದಂಚಿನ ಪುಟ್ಟ ವಿಮಾನ ನಿಲ್ದಾಣ, ಇಷ್ಟೇ ಇದ್ದವು. 2020ರ ಆಗಸ್ಟ್‌ನಲ್ಲಿ ಬಂದ ಆವೃತ್ತಿಯಲ್ಲಿ ಇಡೀ ಭೂಮಿ ಇದೆ. ಉಪಗ್ರಹಗಳೂ ವಿಮಾನಗಳೂ ತೆಗೆದ ಚಿತ್ರಗಳನ್ನು ನೆಲದ ಏರುತಗ್ಗುಗಳ ಮೇಲೆ ಹೊದಿಸಿದ್ದಾರೆ. ಆ ಮಾಹಿತಿ 20 ಲಕ್ಷ ಗಿಗಾಬೈಟ್‌ಗೂ ಹೆಚ್ಚು. ಅಷ್ಟನ್ನು ಮನೆಯ ಯಂತ್ರದಲ್ಲಿ ತುಂಬಿಡಲು ಸಾಧ್ಯವಿಲ್ಲ; ನಾವು ಹಾರುತ್ತಿರುವ ಜಾಗದ ಚಿತ್ರ ಮಾತ್ರ ಇಂಟರ್‌ನೆಟ್ ಮೂಲಕ ಆಗಿಂದಾಗ ಬಂದು ಸೇರುತ್ತದೆ.

ಇದು ಕೈಗೆ ಸಿಕ್ಕವರು ಮೊದಲು ಹೋಗುವುದು ಹೆಸರಾಂತ ಕಡಲತೀರಗಳಿಗೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ, ಇಂಗ್ಲೆಂಡಿನ ಡೋವರ್ ಬಳಿಯ ಬಿಳಿ ಸೀಮೆಸುಣ್ಣದ ಬಂಡೆಗೋಡೆ, ರಿಯೋ ನಗರದ ಗುಡ್ಡದ ಮೇಲಿನ ಕ್ರಿಸ್ತ. ನನಗೆ ಬಹಳ ಹಿಡಿಸಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದಕ್ಷಿಣ ತೀರ. ಅಲ್ಲಿ ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳು ಕಡಲಿನೊಳಗೆ ನಿಂತಿವೆ. ಅಲೆಗಳು ದಡದ ಗೋಡೆಯನ್ನು ಕೊರೆದು ಗವಿ ಮಾಡುತ್ತವೆ, ಗವಿ ಆರಪಾರವಾಗಿ ಕಮಾನಾಗುತ್ತದೆ, ಕಮಾನಿನ ನೆತ್ತಿ ಬಿದ್ದರೆ ಕಂಬವೊಂದೇ ಉಳಿಯುತ್ತದೆ. 2005ರಲ್ಲಿ ಅಂಥ ಒಂದು ಕಂಬವೂ ಕುಸಿದುಬಿತ್ತು. ಕೊರೆತದ ಈ ಮೂರೂ ಹಂತಗಳನ್ನು ತರಗತಿಯ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತ ಬಂದ ನನಗೆ, ಅವು ಒಂದೇ ತೀರದಲ್ಲಿ ಸಾಲಾಗಿ ಕಂಡಾಗ ಆದ ಸಂತೋಷ ದೊಡ್ಡದು.

ಅದನ್ನು ನೋಡಿ ನಮ್ಮ ತೀರಕ್ಕೆ ಮರಳಿದರೆ ಇಲ್ಲಿನ ಸ್ವಭಾವವೇ ಬೇರೆ ಎಂದು ತಿಳಿಯುತ್ತದೆ. ಇಲ್ಲಿ ಕಡಲು ಒಂದೇ ಕೆಲಸ ಮಾಡುತ್ತಿಲ್ಲ, ಹೊಳೆಗಳೂ ಕೈಹಾಕಿವೆ. ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಹೊಳೆ ಎಂದರೆ ಒಂದು ಸೇತುವೆ ಮಾತ್ರ. ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ದಾಟಿಹೋಗಿರುತ್ತದೆ. ಮೇಲಿನಿಂದ ನೋಡಿದಾಗ ಆ ಹೊಳೆಗಳೇ ಈ ನಾಡಿನ ಯಜಮಾನರು ಎಂದು ನನಗನಿಸಿದೆ. ಯಾಕೆ ಎಂದು ಹೇಳುತ್ತೇನೆ. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು. ಬಲಗಡೆ ಕಡಲು, ಎಡಗಡೆ ನೆಲ, ಮುಖ ದಕ್ಷಿಣಕ್ಕೆ ಎಂದಷ್ಟು ನೆನಪಿಟ್ಟುಕೊಂಡರೆ ಸಾಕು.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಹೊರಡೋಣ. ವಿಮಾನ ಸೆಸ್ನಾ 172, ನಾಲ್ಕು ಜನ ಕೂರುವ, ಒಂದೇ ಎಂಜಿನ್ನಿನ ಸಣ್ಣ ವಿಮಾನ. ಅದರ ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ ನಿಲ್ದಾಣ ಅದು. ರನ್‌ವೇ ಮುಗಿದೊಡನೆ ನೆಲ ಕೆಳಕ್ಕೆ ಇಳಿದುಬಿಡುತ್ತದೆ. 2010ರ ಮೇ 22ರಂದು ಅಲ್ಲಿ ಇಳಿಯುವಾಗ ಆದ ವಿಮಾನ ದುರಂತದಲ್ಲಿ 158 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ನಮ್ಮ ಕಾಸರಗೋಡಿನವರು ಅನೇಕರು. ಪರದೆಯ ಮೇಲೆ ಕೂಡ ನಾನು ಆ ರನ್‌ವೇಯಲ್ಲಿ ಇಳಿಯುವ ಅಭ್ಯಾಸ ಮಾಡುವುದಿಲ್ಲ, ಅಲ್ಲಿಂದ ಹೊರಡುತ್ತೇನೆ ಅಷ್ಟೆ.

ಕಡಲು ಸಿಕ್ಕಿದಾಗ ಎಡಕ್ಕೆ ತಿರುಗಿ 1,500 ಅಡಿ ಎತ್ತರದಲ್ಲಿ, 100 ನಾಟ್, ಅಂದರೆ ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಸಾಗೋಣ. ಮೊದಲು ಕಾಣುವುದು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆ. ಉತ್ತರದಿಂದ ಬೆಂಗ್ರೆಯ ಮರಳ ನಾಲಗೆ, ದಕ್ಷಿಣದಿಂದ ಉಳ್ಳಾಲದ ಮರಳ ನಾಲಗೆ, ನಡುವಿನ ಸಂದಿಯಲ್ಲಿ ಎರಡೂ ಹೊಳೆಗಳು ಒಟ್ಟಾಗಿ ಕಡಲಿಗೆ ಬೀಳುತ್ತವೆ. ಹೊಳೆ ಘಟ್ಟದಿಂದ ಮರಳು ತರುತ್ತದೆ, ಮಳೆಗಾಲದ ಅಲೆಗಳು ಅದನ್ನು ದಡದುದ್ದಕ್ಕೆ ತಳ್ಳುತ್ತವೆ. ತಳ್ಳಿದ ಮರಳು ದಿಣ್ಣೆಯಾಗಿ ಹೊಳೆಯ ಬಾಯಿಗೇ ಅಡ್ಡ ನಿಲ್ಲುತ್ತದೆ. ಕಡಲು ಕೂಗಳತೆಯಲ್ಲಿದ್ದರೂ ಹೊಳೆ ನೇರವಾಗಿ ಸೇರಲಾರದೆ ತೀರಕ್ಕೆ ಸಮಾನಾಂತರವಾಗಿ ಹರಿದು ದಾರಿ ಹುಡುಕುತ್ತದೆ. ಈ ಒಂದು ಸೂತ್ರ ಹಿಡಿದರೆ ಮುಂದಿನ ತೀರವೆಲ್ಲ ತಾನಾಗಿ ಅರ್ಥವಾಗುತ್ತದೆ.

ತಲಪಾಡಿ ಕಳೆದು ಮಂಜೇಶ್ವರ, ಗೋವಿಂದ ಪೈಗಳ ಊರು. ಉಪ್ಪಳ ದಾಟಿ ಕುಂಬಳೆಗೆ ಬಂದಾಗ ಎಂಜಿನ್ನಿನ ವೇಗ ತಗ್ಗಿಸಿ. ಶಿರಿಯ ಹೊಳೆ, ಕುಂಬಳೆ ಹೊಳೆ ಎರಡೂ ಮರಳದಿಣ್ಣೆಯ ಹಿಂದೆ ಹರಡಿಕೊಂಡು ವಿಶಾಲವಾದ ಹಿನ್ನೀರಾಗಿವೆ. ಆ ನೀರಿನ ದಡದಲ್ಲೇ ಆರಿಕ್ಕಾಡಿ ಕೋಟೆ. ಮುಂದೆ ಚಂದ್ರಗಿರಿ ಹೊಳೆ, ನಾವು ಪಯಸ್ವಿನಿ ಎಂದು ಕರೆಯುವ ಅದೇ ನೀರು, ಕೊಡಗಿನ ಬೆಟ್ಟಗಳಿಂದ ಇಳಿದು ಕಾಸರಗೋಡು ಪಟ್ಟಣವನ್ನು ಬಳಸಿಕೊಂಡು ಕಡಲು ಸೇರುವ ಕಡೆ ದಕ್ಷಿಣ ದಡದ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ. ಆಮೇಲೆ ಬೇಕಲ. ಅದರಾಚೆ ಹೊಸದುರ್ಗ. ಕೆಳದಿ ನಾಯಕರ ಹೆಸರು ಸೇರಿಕೊಂಡಿರುವ ಈ ಕೋಟೆಗಳನ್ನು ಪಠ್ಯಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದುತ್ತೇವೆ. ಬಸ್ಸಿನಲ್ಲಿ ಬೇರೆ ಬೇರೆ ದಿನ ನೋಡುತ್ತೇವೆ. ಆಕಾಶದಿಂದ ಅರ್ಧ ಗಂಟೆಯೊಳಗೆ ಒಂದರ ಹಿಂದೆ ಒಂದು ಕಂಡಾಗ ಅವು ಒಂದೇ ಸಾಲು ಎಂಬುದು ಹೊಳೆಯುತ್ತದೆ. ಘಟ್ಟದ ಮೇಲೆ ಬಿದನೂರಿನಲ್ಲಿ ಕುಳಿತ ಅರಸರಿಗೆ ಕರಾವಳಿಯ ಅಕ್ಕಿ ದೊಡ್ಡ ಆದಾಯ; ಪೋರ್ಚುಗೀಸರು ಕೊಳ್ಳುತ್ತಿದ್ದುದು ಅದನ್ನೇ. ಆ ಕಾಲದಲ್ಲಿ ಸರಕು ಇಳಿಯುತ್ತಿದ್ದುದು ಹೊಳೆಯ ಮೇಲೆ, ದೋಣಿಗಳಲ್ಲಿ. ಅಳಿವೆಯ ಮೇಲೆ ಕಣ್ಣಿಟ್ಟವನಿಗೆ ಒಳನಾಡಿನ ವ್ಯಾಪಾರವೂ ಕೈಯಲ್ಲಿ, ಕಡಲಿನಿಂದ ಬರುವವನೂ ಕೈಯಲ್ಲಿ.

1801ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದೇ ದಾರಿಯನ್ನು ದಕ್ಷಿಣದಿಂದ ಉತ್ತರಕ್ಕೆ ಕ್ರಮಿಸಿದ. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಅವನೇ. ಸೇತುವೆಗಳಿಲ್ಲದ ಆ ದಿನಗಳಲ್ಲಿ ಹೊಳೆ ಎಲ್ಲ ಪಯಣಿಗರನ್ನೂ ನಿಲ್ಲಿಸುತ್ತಿತ್ತು, ಕಾಯಿಸುತ್ತಿತ್ತು. ಚಂದ್ರಗಿರಿ ಹೊಳೆಯನ್ನು ತುಳುನಾಡಿನ ಎಲ್ಲೆ ಎಂದು ಹಿಂದಿನವರು ಎಣಿಸಿದ್ದು ಸುಮ್ಮನೆ ಅಲ್ಲ. ಅಷ್ಟು ಅಗಲದ ನೀರನ್ನು ಮೇಲಿನಿಂದ ನೋಡಿದರೆ ಗೊತ್ತಾಗುತ್ತದೆ.

ಬೇಕಲದ ಸುತ್ತ ಒಂದು ಪೂರ್ತಿ ಸುತ್ತು ಹಾಕಲೇಬೇಕು. ಸುಮಾರು 1650ರಲ್ಲಿ ಶಿವಪ್ಪ ನಾಯಕನ ಕಾಲದಲ್ಲಿ ಎದ್ದ ಕೋಟೆ, 40 ಎಕರೆಯಷ್ಟು ವಿಸ್ತಾರ, ಕೇರಳದಲ್ಲಿ ಅತಿ ದೊಡ್ಡದು. ಕಡಲಿಗೆ ಚಾಚಿದ ಭೂಶಿರದ ಮೇಲೆ ನಿಂತು ಉತ್ತರ, ದಕ್ಷಿಣ ಎರಡೂ ಕಡೆಯ ಮರಳತೀರವನ್ನು ದೂರದವರೆಗೆ ಕಾಯುತ್ತದೆ. ಎಲ್ಲ ಬಿಟ್ಟು ಇದೇ ಜಾಗವನ್ನು ಯಾಕೆ ಆರಿಸಿದರು ಎಂದು ಮಕ್ಕಳು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ಸುತ್ತು ಹಾಕಿಸುತ್ತೇನೆ.

ನೀಲೇಶ್ವರ ಕಳೆದ ಮೇಲೆ ವಲಿಯಪರಂಬ. 20 ಕಿಲೋಮೀಟರ್‌ಗೂ ಉದ್ದದ, ಕೆಲವು ಕಡೆ ಬಹಳ ಸಪೂರವಾದ ಮರಳ ಪಟ್ಟಿ. ಒಂದು ಕಡೆ ಅರಬ್ಬೀ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು. ಉಳ್ಳಾಲದಲ್ಲಿ ಕಂಡ ಸೂತ್ರ ಇಲ್ಲಿ ತನ್ನ ಪೂರ್ಣ ರೂಪದಲ್ಲಿದೆ. ಅದರ ದಕ್ಷಿಣಕ್ಕೆ ಏಳಿಮಲೆಯ ಗುಡ್ಡ ಕಡಲಂಚಿನಲ್ಲೇ ಎದ್ದು ನಿಲ್ಲುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿ ಒಳನಾಡಿಗೆ ಹೋದರೆ 2018ರಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣ; ಉದ್ದದ ರನ್‌ವೇ, ಹೊಸದಾಗಿ ಕಲಿಯುವವರಿಗೆ ಅನುಕೂಲ.

ಪರದೆ ತೋರಿಸದ ಸಂಗತಿಗಳೂ ಇವೆ, ಅವನ್ನು ಹೇಳದೆ ಬಿಡಬಾರದು. ದೊಡ್ಡ ನಗರಗಳಲ್ಲಿ ಕಟ್ಟಡಗಳ ನಿಜವಾದ ಆಕಾರ ಕಾಣುತ್ತದೆ. ನಮ್ಮ ಕಡೆ ಚಾವಣಿಯ ಗೆರೆ ನೋಡಿ ತಂತ್ರಾಂಶ ಮನೆಗಳನ್ನು ಊಹಿಸಿ ಕಟ್ಟುತ್ತದೆ. ನನ್ನ ಪರದೆಯಲ್ಲಿ ಬೇಕಲದ ಬುರುಜುಗಳು ನೆಲಕ್ಕೆ ಅಂಟಿದ ಚಿತ್ರವಾಗಿವೆ. ಇನ್ನೊಂದು ವಿಚಾರ ಇದಕ್ಕಿಂತ ಮುಖ್ಯ. ಹವಾಮಾನ ಈ ಕ್ಷಣದ್ದೇ ಬರುತ್ತದೆ, ಜೂನ್ ತಿಂಗಳಲ್ಲಿ ಕಾಸರಗೋಡಿನ ಮೇಲೆ ಮಳೆ ಮೋಡ ಕವಿಯುತ್ತದೆ. ಆದರೆ ನೆಲದ ಚಿತ್ರ ಮೋಡವಿಲ್ಲದ ದಿನ ತೆಗೆದದ್ದು, ಅಂದರೆ ಬೇಸಿಗೆಯದ್ದು. ಆದ್ದರಿಂದ ಮಳೆಯಡಿಯಲ್ಲೂ ಪದವುಗಳು, ಅಂದರೆ ಗುಡ್ಡದ ಮೇಲಿನ ಬಯಲುಗಳು, ಒಣಗಿ ಕಂದಾಗಿರುತ್ತವೆ, ಅಳಿವೆಗಳು ಕಿರಿದಾಗಿರುತ್ತವೆ. ಮಳೆನೀರು ಮರಳದಿಣ್ಣೆಯನ್ನು ಒಡೆದು ನುಗ್ಗುವ ನೋಟವನ್ನು ಕಡಲ ದಡದಲ್ಲಿ ನಿಂತೇ ನೋಡಬೇಕು. ಗುಡ್ಡದ ಹೊಟ್ಟೆಯಲ್ಲಿ ಅಡ್ಡಲಾಗಿ ಕೊರೆದು ನೀರು ಹರಿಸಿಕೊಂಡ ನಮ್ಮ ಸುರಂಗಗಳಂತೂ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ.

ಕೊರತೆ ತುಂಬುವ ದಾರಿ ನಮ್ಮ ಕೈಯಲ್ಲೇ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟವನ್ನು ಯಾರು ಬೇಕಾದರೂ ತಿದ್ದಬಹುದು, ಊರ ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ತನ್ನ ರಸ್ತೆಗಳನ್ನು ತೆಗೆದುಕೊಳ್ಳುವುದು ಅಲ್ಲಿಂದಲೇ. ಫ್ಲೈಟ್‌ಗಿಯರ್ ಎಂಬ ಇನ್ನೊಂದು ಪೂರ್ತಿ ಉಚಿತ. ಶಾಲೆಗಳು ಹಣ ಕೊಡಬೇಕಾಗಿಲ್ಲ. ಪ್ರೌಢಶಾಲೆಯ ಮಕ್ಕಳು ಶಿಕ್ಷಕರೊಂದಿಗೆ ತಮ್ಮೂರ ಹೊಳೆಯ ದಡದಲ್ಲಿ ನಡೆದು, ಕಾಲುಸಂಕ, ಕೋಟೆಗೋಡೆ, ದೋಣಿ ನಿಲ್ಲುವ ಕಡವು ಎಲ್ಲೆಲ್ಲಿವೆ ಎಂದು ಗುರುತಿಸಿ ಆ ಭೂಪಟಕ್ಕೆ ಸೇರಿಸಲಿ. ಮೊದಲು ಆರಿಕ್ಕಾಡಿಯಿಂದ ಆರಂಭಿಸಬಹುದು. ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ, ಒಂದು ಶನಿವಾರ ಸಾಕು.

ನಮಸ್ಕಾರ.